ನೀಲಿ ಬೆಳಕಿನಲ್ಲಿ ಕಂಡ ನಾಲಗೆ

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಪರ್ಸಿನಿಂದ ಪುಟ್ಟ ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ತಲೆಯೆತ್ತಿ ಬಾಗಿಲ ಕಡೆ ನೋಡಿದೆ. ಅಲ್ಲಿ ಬೇರೆ ಯಾರೋ ನಿಂತಿದ್ದರು. ಬೇರೆಯವರೇ ಇರುತ್ತಾರೆ ಎಂದು ಗೊತ್ತಿದ್ದೂ ನೋಡಿದೆ...

ನಾನು ತೆಕ್ಕಟ್ಟೆಯವಳು, ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ದಿನಾ ಬ್ರಹ್ಮಾವರದಲ್ಲಿಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಬೈಂದೂರಿನಿಂದ ಉಡುಪಿಗೆ ಹೋಗುವ ಈ ಬಸ್ಸಿಗೆ ಆಗ ಒಬ್ಬ ಕಂಡಕ್ಟರಣ್ಣ ಇದ್ದರು. ಬಸ್ಸಿಗಿಂತ ಮೊದಲು ಅವರ ದನಿ ನಮ್ಮೂರಿಗೆ ಬರುತ್ತಿತ್ತು. "ಕೋಟ ಸಾಲಿಗ್ರಾಮ ಸಾಸ್ತಾನ ಮಾಬುಕಳ ಬ್ರಹ್ಮಾವರ! ಹ್ವಾಯ್, ಬನ್ನಿ ಬನ್ನಿ, ಒಳ್ಗೆ ಬೇಕಷ್ಟ್ ಜಾಗ ಇತ್ತ್!" ಇಷ್ಟೂ ಒಂದೇ ಉಸಿರಿನಲ್ಲಿ. ಒಳಗೆ ಹತ್ತಿ ನೋಡಿದರೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಗಾದೆ ಇವರನ್ನು ನೋಡಿಯೇ ಹುಟ್ಟಿದ್ದಿರಬೇಕು.

ಆ ಬಾಯಿಗೆ ಒಂದು ಕೆಟ್ಟ ಚಟವೂ ಇತ್ತು. ಎಲೆ ಅಡಿಕೆ, ಅದರೊಳಗೆ ಹೊಗೆಸೊಪ್ಪು. ನಾನು ಬೈಯುತ್ತಿದ್ದೆ. "ಸಿಸ್ಟ್ರೆ, ಇದ್ ಇಲ್ದಿರೆ ನನ್ ಗಾಡಿ ಸ್ಟಾರ್ಟ್ ಆತಿಲ್ಲೆ" ಎಂದು ನಗುತ್ತಿದ್ದರು. ಒಂದು ದಿನ ನೋಡಿದರೆ ಎಲೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿದ್ದಾರೆ, ಊರ ಹೆಸರು ಕೂಗುವಾಗ ಮುಖ ಹಿಂಡುತ್ತಿದ್ದಾರೆ. ಕೇಳಿದರೆ ಹಲ್ಲು ತಾಗಿ ಹುಣ್ಣಾಗಿದೆ, ತಿಂಗಳ ಮೇಲಾಯಿತು ಎಂದರು. ಹಲ್ಲು ತಾಗಿದ ಹುಣ್ಣು ಇಷ್ಟು ದಿನ ಇರುತ್ತದೆಯೇ? "ಬಾಯಿ ಬಿಡಿ, ಕಾಂಬ" ಎಂದೆ. ತುಂಬಿದ ಬಸ್ಸಿನಲ್ಲಿ, ಮೊಬೈಲಿನ ಟಾರ್ಚ್ ಹಿಡಿದು ನೋಡಿದೆ. ನಾಲಗೆಯ ಎಡ ಅಂಚಿನಲ್ಲಿ ಗಟ್ಟಿಯಾದ ಒಂದು ಹುಣ್ಣು. ಏನಿರಬಹುದೆಂದು ನನಗೆ ಹೊಳೆಯಿತು, ಆದರೆ ಮುಖದಲ್ಲಿ ತೋರಿಸಲಿಲ್ಲ. ಮರುದಿನವೇ ಅವರನ್ನು ನಮ್ಮ ಡಾಕ್ಟರಮ್ಮನ ಎದುರು ಕೂರಿಸಿದೆ.

ಪರೀಕ್ಷೆಯಾಯಿತು. ಕ್ಯಾನ್ಸರೇ. ಬೇಗ ಸಿಕ್ಕಿದೆ, ಆಪರೇಷನ್ ಮಾಡಿದರೆ ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಎಲ್ಲರೂ ಜೀವದ ಬಗ್ಗೆ ಕೇಳುತ್ತಾರೆ. ಇವರು ಕೇಳಿದ್ದು ಒಂದೇ ಮಾತು.

"ಅಮ್ಮ, ಊರ್ ಹೆಸ್ರ್ ಹೇಳುಕೆ ಆತ್ತಾ ನಂಗೆ?"

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. ಹೆಚ್ಚು ಕತ್ತರಿಸಿದರೆ ಮಾತು ಹೋಗುತ್ತದೆ, ಕಡಿಮೆ ಕತ್ತರಿಸಿದರೆ ಕಾಯಿಲೆ ಉಳಿಯುತ್ತದೆ, ಎಲ್ಲಿಯವರೆಗೆ ಹರಡಿದೆ ಎಂಬುದು ಬರಿಗಣ್ಣಿಗೆ ಪೂರ್ತಿ ಕಾಣುವುದಿಲ್ಲ ಎಂದರು. ಅದಕ್ಕೇ ಹೊಸತೊಂದು ದೀಪ ತರಿಸಿದ್ದೇವೆ, ಅದರ ನೀಲಿ ಬೆಳಕು ಬಿಟ್ಟರೆ ಒಳ್ಳೆಯ ಭಾಗ ಹಸಿರಾಗಿ ಹೊಳೆಯುತ್ತದೆ, ಕೆಟ್ಟದ್ದು ಕಪ್ಪಾಗಿ ಕಾಣುತ್ತದೆ ಎಂದೂ ವಿವರಿಸಿದರು. ಕಂಡಕ್ಟರಣ್ಣ, "ಹಸ್ರ್ ಇದ್ದಲ್ಲಿ ಗಾಡಿ ಬಿಡಿ ಅಮ್ಮ, ಕಪ್ಪ್ ಇದ್ದದ್ದ್ ಇಳ್ಸಿ" ಎಂದರು. ಡಾಕ್ಟರಮ್ಮ ನಕ್ಕುಬಿಟ್ಟರು.

ಆಪರೇಷನ್ ದಿನ ಥಿಯೇಟರಿನ ದೊಡ್ಡ ದೀಪಗಳನ್ನು ಆರಿಸಿದವಳು ನಾನೇ. ಕತ್ತಲಲ್ಲಿ ನೀಲಿ ಬೆಳಕು ಬಿದ್ದಾಗ ಪರದೆಯ ಮೇಲೆ ಅವರ ನಾಲಗೆ ಎಳೆ ಹುಲ್ಲಿನ ಹಾಗೆ ಹಸಿರಾಗಿ ಕಂಡಿತು. ಎಡ ಅಂಚಿನಲ್ಲಿ ಕಪ್ಪು. ಬಿಳಿ ಬೆಳಕಿನಲ್ಲಿ ಕಂಡಿದ್ದ ಹುಣ್ಣಿಗಿಂತ ಆ ಕಪ್ಪು ಹಿಂದಕ್ಕೆ ಹೆಚ್ಚು ಹಬ್ಬಿತ್ತು. ಮುಂದೆ ತುದಿಯ ಕಡೆಗೆ ಮಾತ್ರ ಹಸಿರು ಹುಣ್ಣಿನ ಹತ್ತಿರದವರೆಗೂ ಗಟ್ಟಿಯಾಗಿ ನಿಂತಿತ್ತು. ಡಾಕ್ಟರಮ್ಮ ಗೆರೆ ಹಾಕಿದರು, ಹಿಂದೆ ಧಾರಾಳವಾಗಿ, ಮುಂದೆ ಬೇಕಾದಷ್ಟೇ. ಮಾತಿಗೆ ಬೇಕಾದ ತುದಿ ಉಳಿಯಿತಲ್ಲ ಎಂದು ನಾನು ಮಾಸ್ಕಿನೊಳಗೇ ನಕ್ಕೆ.

ನಕ್ಕದ್ದು ಬೇಗವಾಯಿತು. ಕತ್ತರಿಸಿದ ಮೇಲೆ ಮತ್ತೆ ದೀಪ ಆರಿಸಿ ನೋಡಿದರೆ ಒಳ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ರಕ್ತವೂ ಆ ಬೆಳಕಿನಲ್ಲಿ ಕಪ್ಪಾಗಿಯೇ ಕಾಣುತ್ತದೆ. ತೊಳೆಯಿರಿ ಎಂದರು. ಸಲೈನ್ ನೀರು ಬಿಟ್ಟು ತೊಳೆದೆ, ಮನಸ್ಸಿನಲ್ಲಿ ಗೊತ್ತಿದ್ದ ದೇವರಿಗೆಲ್ಲ ಹೇಳಿಕೊಂಡೆ. ಚುಕ್ಕೆ ಹೋಗಲಿಲ್ಲ. ಡಾಕ್ಟರಮ್ಮ ಅಲ್ಲಿಂದ ಇನ್ನೊಂದು ತೆಳು ಚೂರು ತೆಗೆದರು. ಮತ್ತೆ ಕತ್ತಲು, ಮತ್ತೆ ನೀಲಿ ಬೆಳಕು, ಈ ಸಲ ಸುತ್ತಲೂ ಹಸಿರು. ಬೆಳಕೊಂದನ್ನೇ ನಂಬುವಂತಿಲ್ಲ, ಅಂಚಿನ ಚೂರುಗಳು ಲ್ಯಾಬಿಗೆ ಹೋದವು. ಕಾಯುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ಅಂಚಿನಲ್ಲಿ ಕಾಯಿಲೆ ಇಲ್ಲ ಎಂದು ಫೋನು ಬಂದಾಗ ಯಾರೂ ನೋಡದ ಹಾಗೆ ಕಣ್ಣು ಒರೆಸಿಕೊಂಡೆ.

ಕೆಲವು ತಿಂಗಳ ಮೇಲೆ ಅವರು ಕೆಲಸಕ್ಕೆ ಬಂದರು. ಅದೇ ಆಪರೇಷನ್ನಿನಲ್ಲಿ ಕತ್ತಿನ ಗಂಟುಗಳನ್ನೂ ತೆಗೆದಿದ್ದ ಗಾಯದ ಗುರುತಿಗೆ ಕರವಸ್ತ್ರ ಸುತ್ತಿ, ಹೊಗೆಸೊಪ್ಪಿನ ಜಾಗದಲ್ಲಿ ಲವಂಗ ಇಟ್ಟುಕೊಂಡು. ಬಾಗಿಲಲ್ಲಿ ನಿಂತರು, ಆದರೆ ದನಿಯಿಲ್ಲ. ಕೋಟ ಬಂತು, ಸಾಲಿಗ್ರಾಮ ಬಂತು, ಅವರು ಸೀಟಿ ಊದಿ ಕೈ ಬೀಸಿದರೇ ಹೊರತು ಬಾಯಿ ಬಿಡಲಿಲ್ಲ. ಮಾತು ಬರುತ್ತಿತ್ತು, ಸ್ವಲ್ಪ ತೊದಲು. ಆ ತೊದಲು ಜನರ ಕಿವಿಗೆ ಬೀಳುವುದು ಅವರಿಗೆ ಬೇಡವಾಗಿತ್ತು. ಅಷ್ಟು ದೊಡ್ಡ ಬಾಯಿಯ ಮನುಷ್ಯ ತಲೆ ತಗ್ಗಿಸಿ ನಿಂತದ್ದನ್ನು ನೋಡಲು ನನ್ನಿಂದಾಗಲಿಲ್ಲ. ಸಾಸ್ತಾನದ ಟೋಲ್ ಗೇಟು ಹತ್ತಿರ ಬರುತ್ತಿದ್ದಂತೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ಎದ್ದು ನಿಂತು ಕೂಗಿದರು. "ಹ್ವಾಯ್, ಸಾಸ್ತಾನ ಸಾಸ್ತಾನ! ಎಂತ ಎಲ್ರೂ ಒರ್ಗಿದ್ರಿಯಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಮಾಬುಕಳಕ್ಕೆ ಇಳಿಯುವವರು ಮಾಬುಕಳ ಎಂದು ಕೂಗಿದರು. ಬ್ರಹ್ಮಾವರ ಬಂದಾಗ ಕೂಗಿದವಳು ನಾನು! ಮರುದಿನದಿಂದ ಅದೇ ರೂಢಿಯಾಯಿತು, ಇಳಿಯುವವರೇ ತಮ್ಮ ಊರು ಕೂಗುವುದು. ಕಂಡಕ್ಟರಣ್ಣನೂ ಮೆಲ್ಲಗೆ ಜೊತೆಗೂಡಿದರು. ಹತ್ತು ದನಿಗಳ ನಡುವೆ ಒಂದು ತೊದಲು ಯಾರಿಗೆ ಕೇಳಿಸುತ್ತದೆ? ಸ್ವಲ್ಪ ದಿನದಲ್ಲಿ ನಮಗೇ ಮಾರ್ಕು ಕೊಡತೊಡಗಿದರು. ನನ್ನದು ಆಸ್ಪತ್ರೆ ದನಿಯಂತೆ, ರೋಗಿ ಏಳುವುದಿಲ್ಲವಂತೆ.

ನಾಲಗೆ ಸಡಿಲವಾದದ್ದೇ, ಆಪರೇಷನ್ ಕತೆಗೆ ಬಣ್ಣ ಕಟ್ಟಿ ಹೇಳಲು ಶುರು ಮಾಡಿದರು. ಅವರ ನಾಲಗೆ ಹಸಿರು ಸಿಗ್ನಲ್ ಕೊಟ್ಟಿತ್ತಂತೆ, ಡಾಕ್ಟರುಗಳೆಲ್ಲ ಬೆಕ್ಕಸ ಬೆರಗಾದರಂತೆ. ಯಾರೋ ನಂಬಲಿಲ್ಲ. ನಮ್ಮ ಕಡೆಯ ಬಸ್ಸುಗಳಿಗೆ ಒಳಗೆ ಶೃಂಗಾರದ ನೀಲಿ ದೀಪ ಇರುತ್ತದಲ್ಲ, ಮುಸ್ಸಂಜೆಯ ಟ್ರಿಪ್ಪಿನಲ್ಲಿ ಡ್ರೈವರಣ್ಣನಿಗೆ ಹೇಳಿ ಅದನ್ನು ಹಾಕಿಸಿದರು. ಬಸ್ಸಿನ ಕನ್ನಡಿಯೆದುರು ಬಗ್ಗಿ, ಇಷ್ಟುದ್ದ ನಾಲಗೆ ಚಾಚಿ ನಿಂತರು. ನೋಡಿದರು, ತಿರುಗಿಸಿ ನೋಡಿದರು.

"ಹಸ್ರ್ ಎಂತದೂ ಕಾಂತಿಲ್ಲೆ ಅಲ್ದಾ ಸಿಸ್ಟ್ರೆ! ಮತ್ತೆ ಕೆಟ್ಟಿತಾ ಎಂತ?"

ಮುಖ ನಿಜವಾಗಿಯೂ ಬಿಳಿಚಿಕೊಂಡಿತ್ತು. ಆ ದೀಪವೇ ಬೇರೆ ಮಾರಾಯ್ರೆ, ಹಸಿರು ಕಾಣಲು ಅದಕ್ಕೆ ತಕ್ಕ ಬಣ್ಣದ ಗಾಜೂ ಬೇಕು ಎಂದು ನಾನು ಹೇಳಿ ಮುಗಿಸುವ ಮೊದಲೇ ಡ್ರೈವರಣ್ಣ ಸ್ಟಿಯರಿಂಗ್ ಮೇಲೆ ಬಿದ್ದು ನಗುತ್ತಿದ್ದರು. ಪುಣ್ಯಕ್ಕೆ ಬಸ್ಸು ನಿಂತಿತ್ತು. ಹೊಟ್ಟೆ ಹುಣ್ಣಾಗುವ ಹಾಗೆ ಎಲ್ಲರೂ ನಕ್ಕೆವು, ಕಡೆಗೆ ಅವರೂ.

ಆ ವರ್ಷ ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ, ತೆಕ್ಕಟ್ಟೆಯಲ್ಲಿ ನಾನು ನಿಂತಿದ್ದ ಹಾಗೆ, ದೂರದಿಂದ ಕೇಳಿಸಿತು. ಕೋಟ ಸಾಲಿಗ್ರಾಮ ಸಾಸ್ತಾನ ಮಾಬುಕಳ ಬ್ರಹ್ಮಾವರ. ಒಂದೇ ಉಸಿರು. 'ಸ' ಬಂದಲ್ಲಿ ಗಾಡಿ ಸ್ವಲ್ಪ ಹೊಂಡಕ್ಕೆ ಇಳಿದು ಎದ್ದಿತು, ಅಷ್ಟೇ. ಬಸ್ಸಿನೊಳಗೆ ಚಪ್ಪಾಳೆ. ಡ್ರೈವರಣ್ಣ ಪೇಟೆ ಬೆಚ್ಚಿಬೀಳುವ ಹಾಗೆ ಹಾರ್ನ್ ಬಾರಿಸಿದರು. ಅಷ್ಟು ಸಂತೋಷ ನನಗೆ ನನ್ನ ಕೆಲಸ ಖಾಯಂ ಆದ ದಿನವೂ ಆಗಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾಲಗೆಯ ಕಾಯಿಲೆ ಮತ್ತೆ ಬರಲೇ ಇಲ್ಲ. ಎದೆನೋವು ಎಂದು ಮಲಗಿದವರು ಏಳಲಿಲ್ಲ, ನಮಗೆ ಏನನ್ನೂ ಮಾಡಲು ಬಿಡಲಿಲ್ಲ... ಆಮೇಲೆ ನಾನು ಆ ಬಸ್ಸು ಹತ್ತುತ್ತಿರಲಿಲ್ಲ, ಅದಕ್ಕಿಂತ ಮೊದಲಿನದನ್ನು ಹಿಡಿಯುತ್ತಿದ್ದೆ. ಇವತ್ತು ಅದು ತಪ್ಪಿ ಇದೇ ಸಿಕ್ಕಿತು.

ಹೊಸ ಕಂಡಕ್ಟರ್ ಟಿಕೇಟಿನ ಯಂತ್ರ ಹಿಡಿದು ಬಂದು ಕೇಳಿದರು. "ಎಲ್ಲಿಗ್ ಅಕ್ಕ?"

ಈ ಬಸ್ಸಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ, ಕಂಡಕ್ಟರಣ್ಣ ಕೇಳದೆಯೇ ಟಿಕೇಟು ಕೊಡುತ್ತಿದ್ದರು. ಬಾಯಿ ತೆರೆದೆ. ನನ್ನ ನಾಲಗೆಯಿಂದ ಯಾರೂ ಏನನ್ನೂ ತೆಗೆದಿಲ್ಲ, ಪೂರ್ತಿ ಇದೆ. ಆದರೂ ಒಂದು ಊರಿನ ಹೆಸರು ಹೇಳಲು ನನಗಾಗಲಿಲ್ಲ. ಪಕ್ಕದ ಹೆಂಗಸು ನನ್ನ ಮುಖ ನೋಡಿದರು. ಅವರೂ ಆ ಕಾಲದಿಂದ ಈ ಬಸ್ಸಿನವರೇ. ನನ್ನ ಮೊಣಕೈ ಹಿಡಿದುಕೊಂಡು, ಡ್ರೈವರಿಗೂ ಕೇಳುವಷ್ಟು ಗಟ್ಟಿಯಾಗಿ ಅವರೇ ಕೂಗಿ ಹೇಳಿದರು.

"ಬ್ರಹ್ಮಾವರ! ಸಿಸ್ಟ್ರಿಗೆ ಒಂದ್ ಬ್ರಹ್ಮಾವರ!"