ಜ್ವರ ಬಿಟ್ಟ ಮೇಲಿನ ಸುಸ್ತು

ಕೊರೊನಾ ನಮ್ಮ ಮನೆಗೆ ಬಂದಾಗ ಎಲ್ಲರಿಗಿಂತ ಹಗುರವಾಗಿ ಪಾರಾದವಳು ಮಗಳು. ನನ್ನ ಗಂಡನಿಗೆ ಆಕ್ಸಿಜನ್ ಹಾಕಬೇಕಾಯಿತು, ಅತ್ತೆ ಹಾಸಿಗೆ ಹಿಡಿದರು. ಅವಳಿಗೆ ಒಂದೆರಡು ದಿನ ಜ್ವರ, ಸ್ವಲ್ಪ ಕೆಮ್ಮು, ಅಷ್ಟೇ. ಆಗ ಐದನೇ ಕ್ಲಾಸು. ದೊಡ್ಡವರನ್ನು ನೋಡಿಕೊಳ್ಳುವ ಗಡಿಬಿಡಿಯಲ್ಲಿ ಅವಳ ಬಗ್ಗೆ ನಿಶ್ಚಿಂತೆಯಾಗಿದ್ದೆವು.

ಕೊಟ್ಟಿಗೆಹಾರದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಶಾಲೆ ಮತ್ತೆ ಶುರುವಾದ ಮೇಲೆ ಮಗಳು ಸಂಜೆ ನೇರ ಅಲ್ಲಿಗೆ ಬಂದು, ಹಿಂದಿನ ಬೆಂಚಿನ ಮೇಲೆ ಯೂನಿಫಾರ್ಮಿನಲ್ಲೇ ಮಲಗತೊಡಗಿದಳು. ಮೊದಲು ಖೋ ಖೋದಲ್ಲಿ ಅವಳನ್ನು ಮುಟ್ಟುವವರಿರಲಿಲ್ಲ. ಈಗ ತಲೆ ಬಾಚಿಸಿಕೊಳ್ಳುವಾಗಲೂ ಗೋಡೆಗೆ ಒರಗುತ್ತಿದ್ದಳು. ಇವತ್ತು ಚೆನ್ನಾಗಿದ್ದಾಳೆಂದು ಆಡಲು ಬಿಟ್ಟರೆ ಮರುದಿನ ಏಳುತ್ತಲೇ ಇರಲಿಲ್ಲ.

"ಕಾಲು ನಂದಲ್ಲ ಅನ್ನಿಸ್ತದೆ ಅಮ್ಮ," ಅನ್ನುತ್ತಿದ್ದಳು.

ಅತ್ತೆ ದೃಷ್ಟಿ ತೆಗೆದರು. ಕಾಫಿಗೆ ಬಂದವರು ಅಮೃತಬಳ್ಳಿ ಕಷಾಯ ಹೇಳಿದರು. ಶಾಲೆಯಿಂದ ಟೀಚರು ಫೋನ್ ಮಾಡಿ, "ಮೊಬೈಲ್ ಕೊಟ್ಟು ಕೊಟ್ಟು ಸೋಮಾರಿ ಆಗಿದಾಳೆ, ಸ್ವಲ್ಪ ಗದರಿಸಿ," ಎಂದರು. ಎಲ್ಲರಿಗೂ ಹೂಂ ಅಂದೆ. ವಾದ ಮಾಡುವ ಶಕ್ತಿ ನನಗೂ ಇರಲಿಲ್ಲ.

ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ರಕ್ತ, ಎಕ್ಸ್‌ರೇ, ಇಸಿಜಿ ಎಲ್ಲ ಆಯಿತು. ಡಾಕ್ಟರು ರಿಪೋರ್ಟ್ ತಿರುವಿ ಹಾಕಿ, "ಎಲ್ಲ ನಾರ್ಮಲ್. ಖುಷಿ ಪಡಿ," ಎಂದರು. ಖುಷಿ ಪಡಲು ನೋಡಿದೆ. ವಾಪಸು ಬರುವಾಗ ಬಸ್ಸು ಮೂಡಿಗೆರೆ ದಾಟಿದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು:

"ಎಲ್ಲ ಸರಿ ಇದ್ರೆ ನಾನು ಸುಳ್ಳು ಹೇಳ್ತಿದೀನಾ ಅಮ್ಮ?"

"ಇಲ್ಲ ಪುಟ್ಟಿ," ಎಂದೆ.

ಯಾರೋ ಹೇಳಿದ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಗಂಡನೂ ಸೇರಿ ಮೂವರೂ ಹೋಗುವಷ್ಟರಲ್ಲಿ ಮತ್ತೊಂದು ಮಳೆಗಾಲ ಬಂದಿತ್ತು. ಅವರು ನಮ್ಮನ್ನು ಏನೂ ಕೇಳದೆ, ಕುರ್ಚಿ ಎಳೆದುಕೊಂಡು ಅವಳೆದುರು ಕೂತರು.

"ಸ್ನಾನ ಆದ್ಮೇಲೆ ಮಲಗಬೇಕು ಅನ್ನಿಸ್ತದಾ? ಓದಿದ್ದು ತಲೆಗೆ ಹೋಗೋದಿಲ್ವಾ?"

ಮಗಳು ತಲೆಯಾಡಿಸುತ್ತಾ ಹೋದಳು.

"ನೀನು ಹೇಳ್ತಿರೋದು ನಿಜ. ವೈರಸ್ ಹೋದ್ಮೇಲೂ ಕೆಲವು ಮಕ್ಕಳಿಗೆ ಹೀಗೆ ಉಳ್ಕೊಳ್ತದೆ. ಹೆಚ್ಚಿನವರಿಗೆ ನಿಧಾನಕ್ಕೆ ಕಡಿಮೆ ಆಗ್ತದೆ."

ಮಗಳು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

"ಮಾತ್ರೆ?" ಎಂದು ನನ್ನ ಗಂಡ ಕೇಳಿದರು.

"ಇದಕ್ಕೇ ಅಂತ ಮಾತ್ರೆ ಇಲ್ಲ. ಸುಸ್ತಾಗೋ ಮೊದ್ಲೇ ನಿಲ್ಲಬೇಕು. ಒತ್ತಾಯ ಮಾಡ್ಬೇಡಿ," ಎಂದರು ಡಾಕ್ಟರಮ್ಮ.

ಶಾಲೆಯವರನ್ನು ಅರ್ಧ ದಿನಕ್ಕೆ ಒಪ್ಪಿಸಿದೆವು. ಮಧ್ಯಾಹ್ನ ಊಟದ ಗಿರಾಕಿಗಳನ್ನು ಬಿಟ್ಟು ಗಂಡ ಬೈಕಿನಲ್ಲಿ ಹೋಗಿ ಕರೆತರುತ್ತಿದ್ದರು. ಜೋರಾಗಿ ನಗುವ ಮೊದಲೂ ಸುಸ್ತಾದೀತೇ ಎಂದು ಯೋಚಿಸುವ ಮಗುವನ್ನು ನೋಡಿ ನೋಡಿ ನಾವಿಬ್ಬರೂ ಮುದುಕರಾದೆವು.

ಈಗ ಅವಳು ಹೈಸ್ಕೂಲು. ಕಳೆದ ಚಳಿಗಾಲದ ಒಂದು ಭಾನುವಾರ ಹಟ ಹಿಡಿದು ನಮ್ಮನ್ನು ಹತ್ತಿರದ ದೇವರಮನೆ ಗುಡ್ಡಕ್ಕೆ ಹೊರಡಿಸಿದಳು. ಗುಡ್ಡದ ಅರ್ಧದಲ್ಲಿ ತಾನೇ ನಿಂತು, "ನಂಗೆ ಇಷ್ಟು ಸಾಕು, ನೀವು ಹೋಗಿ ಬನ್ನಿ," ಎಂದು ಹುಲ್ಲಿನ ಮೇಲೆ ಕೂತಳು. ಗಂಡ ಮೇಲೆ ಹೋದರು. ನಾನು ಅವಳ ಪಕ್ಕದಲ್ಲಿ ಮಲಗಿದೆ. ಎಳೆ ಬಿಸಿಲಿಗೆ ನಿದ್ದೆಯೇ ಬಂದುಬಿಟ್ಟಿತು.

"ಏಳು ಮಾರಾಯ್ತಿ, ಗೊರಕೆ ಹೊಡೀತಿದೀಯ," ಎಂದು ಅವಳೇ ಎಬ್ಬಿಸಿದಳು.

ಮರುದಿನ ಬೆಳಿಗ್ಗೆ ಅವಳನ್ನು ಕರೆಯಲು ಹೆದರಿಕೆಯಾಗಿತ್ತು. ತಡವಾಗಿ ಎದ್ದಳು, ಆದರೆ ಎದ್ದಳು. ಶಾಲೆಗೂ ಹೋದಳು. ಎಲ್ಲ ದಿನವೂ ಹಾಗಿರುವುದಿಲ್ಲ. ಪೂರ್ತಿ ಗುಣ ಆಯ್ತಾ ಎಂದು ಹೋಟೆಲಿಗೆ ಬಂದವರು ಈಗಲೂ ಕೇಳುತ್ತಾರೆ. "ಮೊದ್ಲಿಗಿಂತ ಎಷ್ಟೋ ವಾಸಿ," ಎಂದು ಹೇಳಿ ಒಲೆಯ ಕಡೆ ತಿರುಗುತ್ತೇನೆ.