ಬಳಸಿದ ನೀರಿಗೊಂದು ಜಾಗ

ನಮ್ಮ ಗಾಡಿಮನೆಯ ಒಲೆಯ ಪಕ್ಕದಲ್ಲಿ ಅಂಗೈಯಗಲದ ಒಂದು ಹಲಗೆಯಿದೆ. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ನಾಲ್ಕು ಪುಟ್ಟ ದೀಪಗಳು. ಮಿಂದ ನೀರು, ಪಾತ್ರೆ ತೊಳೆದ ನೀರು ಎಲ್ಲ ಹೋಗಿ ಸೇರುವ ಟ್ಯಾಂಕು ಎಷ್ಟು ತುಂಬಿದೆಯೆಂದು ಅವು ಹೇಳುತ್ತವೆ. ಮೊದಲನೆಯದು ಹತ್ತಿದಾಗ ಮನುಷ್ಯ ಹಾಡಿಕೊಂಡು ಸ್ನಾನ ಮಾಡುತ್ತಾನೆ, ಮೂರನೆಯದು ಹತ್ತಿದಾಗ ಹಾಡು ನಿಲ್ಲುತ್ತದೆ, ನಾಲ್ಕನೆಯದು ಕೆಂಪಗೆ ಕಣ್ಣು ಬಿಟ್ಟರೆ ಹಲ್ಲುಜ್ಜಿದ ನೀರನ್ನು ಎಲ್ಲಿ ಉಗುಳುವುದೆಂದು ತಿಳಿಯದೆ ಬಾಯಿ ತುಂಬಿಕೊಂಡು ನಿಲ್ಲಬೇಕಾಗುತ್ತದೆ. ನೀವು ನಗಬಹುದು, ಗೆಳೆಯರೇ. ನಾನು ಹಾಗೆ ನಿಂತವನು.

ಗಾಡಿಮನೆಯೆಂದರೆ ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಒಂದು ಕೋಣೆ. ಗಣಿತದ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ, ಹಾಸನದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವವರೊಬ್ಬರಿಂದ ಮಾಡಿಸಿದ್ದು. ಮಂಚ, ಒಲೆ, ಬಚ್ಚಲು, ಕಕ್ಕಸು, ಎಲ್ಲದರ ಅಳತೆಯನ್ನೂ ನಾನೇ ಬರೆದುಕೊಟ್ಟಿದ್ದೆ. ಅದನ್ನು ನೋಡಿದ ಅವರು ತಲೆ ಕೆರೆದುಕೊಂಡು, "ಸಾ, ಒಳ್ಳೆ ನೀರ್ಗೆ ಇಷ್ಟ್ ದೊಡ್ ಟ್ಯಾಂಕು, ಕೊಳೆ ನೀರ್ಗೆ ಇಷ್ಟೇಯಾ? ಒಳೀಕ್ ಬಂದದ್ದು ಆಚೀಕ್ ಓಗ್ಬೇಕಲ್ವಾ ಸಾ?" ಎಂದರು. ಕೂಡುವ ಕಳೆಯುವ ಲೆಕ್ಕವನ್ನು ಮೂವತ್ತು ವರ್ಷ ಹೇಳಿಕೊಟ್ಟವನಿಗೇ ಪಾಠವೇ ಎಂದು ನಾನು ನಕ್ಕುಬಿಟ್ಟೆ.

ಅಷ್ಟು ದೊಡ್ಡ ನೀರಿನ ಟ್ಯಾಂಕಿಗೆ ಒಂದು ಕಾರಣವಿತ್ತು, ಮುಚ್ಚಿಡುವುದೇಕೆ. ನುಗ್ಗೇಹಳ್ಳಿಯ ಹತ್ತಿರ, ತೆಂಗಿನ ತೋಟದ ಮನೆಯಲ್ಲಿ, ನನ್ನ ಅಕ್ಕ ಜಯಕ್ಕ ಇದ್ದಾಳೆ. ಆರು ವರ್ಷದ ಹಿಂದೆ, ಅವಳ ಮೊಮ್ಮಗಳ ನಾಮಕರಣದ ದಿನ, ನೆಂಟರೆಲ್ಲ ಸೇರಿದ್ದಾಗ ಅವಳು, "ನಮ್ ಮೇಷ್ಟ್ರು ಬಂದ್ರೆ ಕೂತ್ ಜಾಗಕ್ಕೇ ನೀರ್ ಬರ್ಬೇಕು ಕಣವ್ವ, ಎದ್ದು ಒಂದ್ ಲೋಟ ತಗಳಾಕಿಲ್ಲ" ಎಂದಳು. ಎಲ್ಲರೂ ನಕ್ಕರು. ನಾನು ಮಾತ್ರ ನಗಲಾರದೆ, ಇನ್ನು ಈ ಮನೆಯ ನೀರು ಮುಟ್ಟುವುದಿಲ್ಲವೆಂದು ಹೇಳಿ ಎದ್ದು ಬಂದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆನ್ನುತ್ತಾರೆ. ನಾನಂತೂ ಆರು ವರ್ಷ ಆ ಮೂಗಿಲ್ಲದೆಯೇ ತಿರುಗಾಡಿದೆ.

ಈ ವರ್ಷ ಅಕ್ಕನ ಮಂಡಿಗೆ ಆಪರೇಷನ್ ಆಯಿತು. ನೋಡಲು ಹೋಗಲೇಬೇಕೆಂದು ನನ್ನ ಹೆಂಡತಿ ಶಾರದೆ ಹಟ ಹಿಡಿದಳು. ನಾನು ಒಪ್ಪಿದೆ, ಆದರೆ ನಮ್ಮ ಗಾಡಿಯಲ್ಲೇ ಮಲಗುವುದು, ನಮ್ಮ ನೀರನ್ನೇ ಬಳಸುವುದು ಎಂಬ ಕರಾರಿನ ಮೇಲೆ. ಹೊಳೆನರಸೀಪುರದ ಗೆಳೆಯನ ಮನೆಯ ಮುಂದೆ ಒಂದು ದಿನ, ಅರಕಲಗೂಡಿನಲ್ಲಿ ಶಾರದೆಯ ಚಿಕ್ಕಮ್ಮನ ಹಿತ್ತಲಲ್ಲಿ ಒಂದು ದಿನ ಇದ್ದು, ಅಲ್ಲಿ ಒಳ್ಳೆಯ ನೀರನ್ನು ಕಂಠಮಟ್ಟ ತುಂಬಿಸಿಕೊಂಡು, ಎರಡೇ ದೀಪ ಹತ್ತಿದೆಯಲ್ಲ ಎಂದು ಕೊಳೆನೀರಿನ ಗೋಜಿಗೆ ಹೋಗದೆ, ಚನ್ನರಾಯಪಟ್ಟಣದ ಹಾದಿಯಾಗಿ ಅಕ್ಕನ ತೋಟ ಸೇರಿದೆವು. ಅವಳು ಕೋಲೂರಿಕೊಂಡು ಜಗಲಿಗೆ ಬಂದು ಶಾರದೆಯನ್ನು ಒಳಗೆ ಕರೆದಳು. ನನ್ನ ಕಡೆ ತಿರುಗಲಿಲ್ಲ, ನಾನೂ ಅಕ್ಕ ಎನ್ನಲಿಲ್ಲ.

ಎರಡು ದಿನ ಬಹಳ ಹುಷಾರಾಗಿ ನಡೆದುಕೊಂಡೆ. ನಲ್ಲಿ ನಿಲ್ಲಿಸಿ ಸೋಪು ಹಚ್ಚಿಕೊಂಡೆ, ಬಾಳೆಯೆಲೆಯಲ್ಲಿ ಉಂಡೆ, ಅಕ್ಕಿ ತೊಳೆದ ನೀರನ್ನು ಶಾರದೆ ಅಕ್ಕನ ಎಮ್ಮೆಯ ಕಲಗಚ್ಚಿಗೆ ಸುರಿದು ಬಂದಳು. ಮಧ್ಯಾಹ್ನ ಗಾಳಿಗೆ ತೆಂಗಿನ ಗರಿಗಳ ನೆರಳು ಕಿಟಕಿಯಲ್ಲಿ ಅಲ್ಲಾಡುವುದನ್ನು ನೋಡುತ್ತಾ ಮಂಚದಲ್ಲಿ ಬಿದ್ದುಕೊಂಡರೆ, ಅರೆನಿದ್ದೆಯಲ್ಲಿ, ಮಗ್ಗುಲು ಬದಲಿಸಿದಾಗಲೆಲ್ಲ ಕೆಳಗೆ ಟ್ಯಾಂಕಿನ ನೀರು ಮೆಲ್ಲಗೆ ತುಳುಕುವುದು ಕೇಳುತ್ತಿತ್ತು. ನನ್ನ ಬೆನ್ನಿನ ಕೆಳಗೊಂದು ಕತ್ತಲ ಕೆರೆ. ಹೊಳೆನರಸೀಪುರದಲ್ಲಿ ನಾನು ಮುಖ ತೊಳೆದ ಹೇಮಾವತಿಯೂ ಅರಕಲಗೂಡಿನಲ್ಲಿ ಶಾರದೆ ಕಾಲು ತೊಳೆದ ಬಾವಿಯ ನೀರೂ ಯಾವ ಸಂಕೋಚವಿಲ್ಲದೆ ಅದರಲ್ಲಿ ಬೆರೆತುಹೋಗಿದ್ದವು. ಅಷ್ಟು ಊರುಗಳ ಧೂಳು ಒಂದಾಗಬಲ್ಲ ಕಡೆ, ಇಪ್ಪತ್ತು ಮಾರು ದೂರದ ಜಗಲಿಗೆ ಹೋಗಲು ನನಗೇಕೆ ಕಾಲು ಬರಲಿಲ್ಲವೋ ತಿಳಿಯದು.

ಮೂರನೆಯ ಬೆಳಿಗ್ಗೆ ನಾಲ್ಕನೆಯ ದೀಪ ಹತ್ತಿತು. ಬಚ್ಚಲಿನ ತೂಬಿನಿಂದ ನಿನ್ನೆಯ ಸೋಪಿನ ನೊರೆ ಗುಳುಗುಳು ಮೇಲೆದ್ದು ನನ್ನ ಪಾದ ಮುಟ್ಟಿತು. ಒಳ್ಳೆಯ ನೀರು ಇನ್ನೂ ಅರ್ಧ ಟ್ಯಾಂಕಿದೆ, ಆದರೆ ಹನಿಯನ್ನೂ ಬಳಸುವಂತಿಲ್ಲ, ಬಳಸಿದ್ದಕ್ಕೆ ಹೋಗಲು ಜಾಗವಿಲ್ಲ. ಕುಡಿಯುವ ನೀರನ್ನು ಯಾವ ಅಪರಿಚಿತರ ಬಾಗಿಲಲ್ಲಾದರೂ ಕೇಳಬಹುದು, ಯಾರೂ ಇಲ್ಲವೆನ್ನುವುದಿಲ್ಲ. ನನ್ನ ಕೊಳೆಯನ್ನು ನಿಮ್ಮ ಅಂಗಳದಲ್ಲಿ ಚೆಲ್ಲಲೇ ಎಂದು ಮಾತ್ರ ತೀರಾ ನಮ್ಮವರನ್ನೇ ಕೇಳಬೇಕು. ಯಾರ ಹಂಗೂ ಬೇಡವೆಂದು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದವನಿಗೆ ಇದು ಹೊಳೆದದ್ದು ಬಾಯಲ್ಲಿ ಹಲ್ಲುಪುಡಿಯ ನೀರು ತುಂಬಿಕೊಂಡು ನಿಂತಾಗ. ಅದನ್ನು ಬೇಲಿಯ ಸಾಲಿಗೆ ಉಗಿದು, ಜಗಲಿಗೆ ನಡೆದೆ.

"ಟ್ಯಾಂಕು ತುಂಬಿದೆ. ಬಳಸಿದ ನೀರು ಬಿಡಬೇಕಿತ್ತು" ಎಂದೆ, ಕಂಬವನ್ನು ನೋಡುತ್ತಾ.

"ಕುಡ್ಯಾಕೆ ನಮ್ಮನೆ ನೀರ್ ಬ್ಯಾಡ, ಚೆಲ್ಲಾಕೆ ನಮ್ ತ್ವಾಟ ಬೇಕೇನ್ಲಾ?" ಎಂದಳು ಅಕ್ಕ. ನನಗೆ ಮೈಯೆಲ್ಲ ನಾಚಿಕೆಯಾಯಿತು. ಹಿಂದಿರುಗಿ ಎರಡು ಹೆಜ್ಜೆ ಇಟ್ಟಿರಬೇಕು, ಬೆನ್ನ ಹಿಂದೆ ಕೋಲಿನ ಸದ್ದು ಕೇಳಿತು. "ಕಕ್ಕಸಿಂದೂ ಅದ್ರಲ್ಲೇ ಐತಾ?" ಎಂದಳು. ಅದಕ್ಕೆ ಬೇರೆಯೇ ಟ್ಯಾಂಕಿದೆ, ಅದನ್ನು ಗುಂಡಿಯಿರುವ ಕಡೆಯೇ ಖಾಲಿ ಮಾಡುವುದು ಎಂದೆ. "ಅಂಗಾರೆ ಬಾಳೆ ಬುಡಕ್ ಬುಡು. ಸೋಪಿನ್ ನೀರು ತೆಂಗಿಗ್ ಬ್ಯಾಡ" ಎಂದು ಕೋಲಿನ ತುದಿಯಿಂದಲೇ ನೆಲದ ಮೇಲೆ ಗೀರೆಳೆದು ಕಾಲುವೆಯ ದಾರಿ ತೋರಿಸಿದಳು. ನಾನು ಗುದ್ದಲಿ ಹಿಡಿದು ಅಗೆದೆ.

ನೀರು ಬೂದಿ ಬಣ್ಣದಲ್ಲಿ, ಹುಳಿವಾಸನೆಯೊಡನೆ, ಬಾಳೆಯ ಬುಡಕ್ಕೆ ಹರಿದುಹೋಯಿತು. ಆದರೆ ಟ್ಯಾಂಕಿನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಜಿಡ್ಡು, ಅನ್ನದ ಅಗುಳು ಒಳಗೋಡೆಗೆ ಅಂಟಿಕೊಂಡಿರುತ್ತವೆ. ಹೊಸ ನೀರು ಧಾರಾಳವಾಗಿ ಹರಿಸಿ ಗಲಬರಿಸದಿದ್ದರೆ ಖಾಲಿ ಟ್ಯಾಂಕಿಗೂ ದೀಪ ಹತ್ತಿ ತುಂಬಿದೆಯೆಂದು ಸುಳ್ಳು ಹೇಳುತ್ತದೆ. ನಮ್ಮ ಅರ್ಧ ಟ್ಯಾಂಕು ಅದಕ್ಕೆ ಸಾಲದು. ಶಾರದೆ ಇದನ್ನು ಹೇಳಿದಳೋ ಏನೋ, ಅಕ್ಕ ಬೋರಿನ ಮೋಟಾರು ಹಾಕಿಸಿ, ರಬ್ಬರ್ ಪೈಪು ಎಳೆತಂದು, ನೋಯುವ ಮಂಡಿಯನ್ನು ನೀಡಿಕೊಂಡು ಗಾಡಿಯ ಮೆಟ್ಟಿಲ ಮೇಲೆ ಕೂತು ನಮ್ಮ ಬಚ್ಚಲಿಗೆ ನೀರು ಬಿಟ್ಟಳು. ನಾನು ಗಾಡಿಯ ಆ ಬದಿಯಲ್ಲಿ, ನೀರು ಹೊರಬರುವ ಕಡೆ ಕುಕ್ಕರುಗಾಲಲ್ಲಿ ಕೂತೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ಸಾಕೇನ್ಲಾ?" ಎಂದು ಆಕಡೆಯಿಂದ ಕೂಗಿದಳು.

ಬರುತ್ತಿದ್ದ ನೀರು ಆಗಲೇ ತಿಳಿಯಾಗಿತ್ತು. ಕಾಲುವೆಯ ತಳದ ಕೆಂಪು ಮಣ್ಣು ಕಾಣುವಷ್ಟು ತಿಳಿ. ಸಾಕು ಎನ್ನಬೇಕಿತ್ತು.

"ಇನ್ನೊಂಚೂರು ಬಿಡಕ್ಕ" ಎಂದೆ.

ನೀರು ಹರಿಯುತ್ತಲೇ ಇತ್ತು. ಆಮೇಲೆ ಅವಳ ದನಿ ಕೇಳಿತು, ಕೂಗಿದ್ದಲ್ಲ, ನನಗೆ ಕೇಳಲಿ ಬಿಡಲಿ ಎಂಬಂತೆ ಹೇಳಿಕೊಂಡದ್ದು:

"ಕೇಳಿದ್ರೆ ಬುಡಾಕಿಲ್ವೇನ್ಲಾ ನಾನು? ಆರ್ ವರ್ಸದಿಂದ ನೀನ್ ಕೇಳ್ಲಿಲ್ಲ."