ಮೇಷ್ಟ್ರು ಅಳಿಸಿದ ಗುರುತು

ನಮ್ಮ ಟೆನಿಸ್ ಮೇಷ್ಟ್ರ ಬಲಗೈ ಎಡಗೈಗಿಂತ ಒಂದೂವರೆ ಪಟ್ಟು ದಪ್ಪ. ಲಕ್ಷ್ಮೀಪುರಂನ ದರ್ಜಿ ಅವರ ಅಂಗಿಯ ಬಲತೋಳನ್ನು ಸಡಿಲವಾಗಿ ಹೊಲಿದು, "ಚಾಂಪಿಯನ್ ತೋಳು ಕಣ್ರೀ" ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ. ಪಂದ್ಯ ಆಡುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಹೋಟೆಲಿಗೆ ಹೋದರೆ ಜನ ಎದ್ದು ಕುರ್ಚಿ ಬಿಡುತ್ತಿದ್ದರು. ಅವರ ಆಟವನ್ನು ಕಂಡೇ ಇರದವರೂ "ಏನ್ ಸರ್ವಿಸ್ ರೀ ಅದು!" ಎನ್ನುತ್ತಿದ್ದರು. ಹೆಸರು ಅಂದರೆ ಅದು, ಬಿಡಿ.

ನಾನು ಕುಂಬಾರಕೊಪ್ಪಲಿನ ಬಸ್ ಕಂಡಕ್ಟರ್ ಮಗಳು. ಅಪ್ಪ ಒಂದು ದಿನ ಬಸ್ಸಿನಲ್ಲಿ ಅವರನ್ನು ಕಂಡು, ಕೈಮುಗಿದು, ನನ್ನನ್ನು ಒಪ್ಪಿಸಿಬಿಟ್ಟರು. ಬೆಳಗ್ಗೆ ಆರಕ್ಕೆ ಕೆಮ್ಮಣ್ಣಿನ ಅಂಕಣಕ್ಕೆ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದ ಮೇಲೆಯೇ ರ‍್ಯಾಕೆಟ್ ಮುಟ್ಟಬೇಕು. ತೋಳು ಬಗ್ಗಿದರೆ, "ಏ, ಒಗ್ಗರಣೆ ಸೌಟು ಹಿಡ್ದಿದೀಯಾ?" ಎಂದು ರೇಗುತ್ತಿದ್ದರು. ಚೆಂಡು ಗೆರೆಯ ಒಳಗೋ ಹೊರಗೋ ಎಂದು ಜಗಳ ಬಂದರೆ ಮಣ್ಣಿನ ಮೇಲೆ ಬಿದ್ದ ಗುರುತು ನೋಡಬೇಕು; ಗೆರೆ ಮುಟ್ಟಿದ್ದರೂ ಒಳಗೇ ಎಂದು ಲೆಕ್ಕ. "ಬಾಯಿ ಸುಳ್ಳೇಳ್ತದೆ ಕಣಮ್ಮ, ಮಣ್ಣು ಹೇಳಲ್ಲ" ಎನ್ನುತ್ತಿದ್ದರು. ಪೂರ್ತಿ ನಂಬಿದ್ದೆ.

ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ ರಾಜ್ಯ ತಂಡದ ಆಯ್ಕೆಗೆ ಕೊನೆಯ ಪಂದ್ಯ. ಗೆದ್ದವಳಿಗೆ ಮಾತ್ರ ಜಾಗ. ಮೇಷ್ಟ್ರೇ ಅಂಪೈರ್. ಸ್ವಂತ ಶಿಷ್ಯೆ ಆಡುತ್ತಿದ್ದರೂ ಯಾರೂ ತಕರಾರು ತೆಗೆಯಲಿಲ್ಲ. ಪಂದ್ಯ ಒಂದೇ ಒಂದು ಪಾಯಿಂಟಿನ ಮೇಲೆ ನಿಂತಿದ್ದಾಗ ನಾನು ಹೊಡೆದ ಚೆಂಡು ಗೆರೆಯ ಮೇಲೆ ಬಿತ್ತು.

"ಔಟ್!" ಎಂದರು ಮೇಷ್ಟ್ರು. ಅಲ್ಲಿಗೆ ನಾನು ಸೋತೆ.

"ಸರ್, ಗುರುತು ನೋಡಿ ಸರ್" ಎಂದೆ. ಎತ್ತರದ ಕುರ್ಚಿಯಿಂದ ಇಳಿದು ಬಂದು ಬಗ್ಗಿ ನೋಡಿದರು. ಗುರುತಿನ ಅರ್ಧ ಸುಣ್ಣದ ಮೇಲೇ ಇತ್ತು. ಅದರ ಮೇಲೆ ಷೂ ಎಳೆದು, "ಔಟೇ" ಎಂದು ಹೊರಟುಬಿಟ್ಟರು.

"ನೀವೇ ಅಳಿಸಿದ್ರಿ!" ಎಂದು ಕೂಗಿದೆ. ಯಾರು ನಂಬುತ್ತಾರೆ? ಹೆತ್ತ ಅಪ್ಪನೇ ನಂಬಲಿಲ್ಲ. "ಅಂಥಾ ದೊಡ್ ಮನುಷ್ರು ಸುಳ್ಳೇಳ್ತಾರಾ? ಸೋತಿದ್ದಕ್ಕೆ ಅವರ ಮೇಲೆ ಗೂಬೆ ಕೂರುಸ್ತೀಯಾ?" ಎಂದು ಮೇಷ್ಟ್ರ ಮನೆಗೆ ಎಳೆದೊಯ್ದರು. ಕಾಲಿಗೆ ಬಿದ್ದು ಕ್ಷಮೆ ಕೇಳಿದೆ. ಮೇಷ್ಟ್ರು ನನ್ನ ತಲೆ ಸವರಿ, "ಹೋಗ್ಲಿ ಬುಡಿ, ಚಿಕ್ಕ ಹುಡ್ಗಿ" ಎಂದರು. ಥೂ! ಆ ತಲೆ ಸವರಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಅಪ್ಪ "ನಿಜವಾ?" ಎಂದು ಒಂದು ಸಲ ಕೇಳುತ್ತಿದ್ದರು.

ಹೋದ ವರ್ಷ, ಹಾಸಿಗೆ ಹಿಡಿದಿದ್ದ ಮೇಷ್ಟ್ರು ಹೇಳಿಕಳಿಸಿದರು. ಹೋಗಿ ಪಕ್ಕದಲ್ಲಿ ಕೂತೆ.

"ಅವತ್ತು ನಿನ್ ಚೆಂಡು ಒಳಗೇ ಬಿದ್ದಿತ್ತು ಕಣಮ್ಮ. ದುಡುಕಿ ಔಟ್ ಅಂದ್ಬುಟ್ಟೆ. ಅಷ್ಟ್ ಜನ ನೋಡ್ತಿದ್ರು. ನಾನು ತಪ್ಪಿದೆ ಅಂತ ಎಂಗೆ ಹೇಳ್ಲಿ?"

"ನಾನು ಕಾಲಿಗೆ ಬಿದ್ದಾಗ್ಲಾದ್ರೂ ಹೇಳ್ಬೋದಿತ್ತಲ್ಲ ಸರ್?"

ಮೇಷ್ಟ್ರು ನನ್ನ ಕೈ ಹಿಡಿದು, "ಯಾರ್ಗೂ ಹೇಳ್ಬೇಡ" ಎಂದರು. ಸಾಯುವ ಹೊತ್ತಿನಲ್ಲೂ ಹೆಸರಿನದೇ ಚಿಂತೆ. ಮೈಯೆಲ್ಲ ಉರಿದುಹೋಯಿತು ನನಗೆ.

ಮೂರು ವಾರಕ್ಕೆ ತೀರಿಕೊಂಡರು. ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ಪ್ರಾಮಾಣಿಕತೆಯನ್ನೇ ಹೊಗಳಿದರು. ನನ್ನ ಸರದಿ ಬಂದಾಗ, ನಾನು ಇವತ್ತು ಮಕ್ಕಳಿಗೆ ಟೆನಿಸ್ ಕಲಿಸಿ ಬದುಕುತ್ತಿರುವುದು ಅವರು ಕೊಟ್ಟ ವಿದ್ಯೆಯಿಂದ ಎಂದೆ. ಅದು ನಿಜವೇ. ಉಳಿದದ್ದನ್ನು ಆ ಸಭೆಗೆ ಹೇಳಿ ಏನಾಗಬೇಕಿತ್ತು? ನಾನು ಸುಳ್ಳುಗಾತಿಯಲ್ಲ ಎಂದು ತಿಳಿಯಬೇಕಾಗಿದ್ದವರು ಅಪ್ಪ ಒಬ್ಬರೇ. ಅವರು ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು.